ಹ್ಯಾರಿ ಬ್ರಿಯರ್ಲಿ

ಹ್ಯಾರಿ ಬ್ರಿಯರ್ಲಿ (ಫೆಬ್ರವರಿ 18, 1871 – ಜುಲೈ 14, 1948) ಇಂಗ್ಲೆಂಡಿನ ಶೆಫೀಲ್ಡ್ ನಗರದ ಲೋಹವಿಜ್ಞಾನಿ. ತುಕ್ಕು ಹಿಡಿಯದ ಉಕ್ಕು, ಅಂದರೆ ಇಂದು ಮನೆಮಾತಾಗಿರುವ ಸ್ಟೇನ್‌ಲೆಸ್ ಸ್ಟೀಲ್, ಬಳಕೆಗೆ ಬರಲು ಕಾರಣರಾದವರಲ್ಲಿ ಇವರು ಪ್ರಮುಖರು. 1913ರ ಆಗಸ್ಟ್ ತಿಂಗಳಿನಲ್ಲಿ ಇವರು ತಯಾರಿಸಿದ, ಶೇಕಡ 12.8ರಷ್ಟು ಕ್ರೋಮಿಯಮ್ ಬೆರೆತ ಉಕ್ಕು ಆಮ್ಲಗಳಿಗೂ ತೇವಕ್ಕೂ ಜಗ್ಗದೆ ಉಳಿದುದು ಲೋಹವಿಜ್ಞಾನದ ಇತಿಹಾಸದಲ್ಲಿ ಒಂದು ಮಹತ್ವದ ಘಟನೆ. ಬಡ ಕಾರ್ಮಿಕ ಕುಟುಂಬದಲ್ಲಿ ಹುಟ್ಟಿ, ಹನ್ನೆರಡನೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು, ಪ್ರಯೋಗಾಲಯದ ಸೀಸೆ ತೊಳೆಯುವ ಹುಡುಗನಾಗಿದ್ದ ಬ್ರಿಯರ್ಲಿ ಮುಂದೆ ಅದೇ ಊರಿನ ಪ್ರಸಿದ್ಧ ಸಂಶೋಧನಾಲಯದ ಮುಖ್ಯಸ್ಥರಾದರು. ತಮ್ಮ ಶೋಧನೆಯ ಒಡೆತನದ ಪ್ರಶ್ನೆಯಲ್ಲಿ ಸಂಸ್ಥೆಯೊಡನೆ ಭಿನ್ನಾಭಿಪ್ರಾಯ ಉಂಟಾದಾಗ ಆ ಹುದ್ದೆಯನ್ನು ತೊರೆದರು.

ಜನನ ಮತ್ತು ಬಾಲ್ಯ

ಬ್ರಿಯರ್ಲಿಯವರು 1871ರ ಫೆಬ್ರವರಿ 18ರಂದು ಶೆಫೀಲ್ಡ್‌ನಲ್ಲಿ ಜನಿಸಿದರು. ತಂದೆ ಜಾನ್ ಬ್ರಿಯರ್ಲಿ ಉಕ್ಕಿನ ಕಾರ್ಖಾನೆಯಲ್ಲಿ ಲೋಹ ಕರಗಿಸುವ ಕೆಲಸಗಾರರು, ತಾಯಿ ಜೇನ್. ಹಲವು ಮಕ್ಕಳ ದೊಡ್ಡ ಸಂಸಾರ, ಇಕ್ಕಟ್ಟಾದ ಮನೆ, ವಾರದ ಕೂಲಿಯನ್ನೇ ನೆಚ್ಚಿಕೊಂಡ ಜೀವನ. ಅಂದಿನ ಶೆಫೀಲ್ಡ್ ಹೊಗೆಗೊಳವೆಗಳ ನಗರ. ಚಾಕು, ಕತ್ತರಿ, ಗರಗಸ, ಅರ ಮೊದಲಾದ ಉಪಕರಣಗಳಿಗೆ ಅದು ಜಗತ್ಪ್ರಸಿದ್ಧವಾಗಿತ್ತು. ಊರಿನ ಬಹುಪಾಲು ಮಕ್ಕಳಂತೆ ಹ್ಯಾರಿಯೂ ಕುಲುಮೆಯ ಬೆಳಕಿನಲ್ಲೇ ಬೆಳೆದರು.

1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ರೂಢಿಗೆ ತಂದಿದ್ದ ಮೂಸೆ ಉಕ್ಕಿನ ಪದ್ಧತಿ ಆಗಿನ್ನೂ ಶೆಫೀಲ್ಡ್‌ನಲ್ಲಿ ಜೀವಂತವಾಗಿತ್ತು. ಜೇಡಿಮಣ್ಣನ್ನು ಬರಿಗಾಲಿನಿಂದ ತುಳಿದು ಹದಮಾಡಿ ಮೂಸೆಗಳನ್ನು ತಯಾರಿಸುವುದು, ಅವುಗಳಲ್ಲಿ ಕಬ್ಬಿಣವನ್ನು ಗಂಟೆಗಟ್ಟಲೆ ಕಾಯಿಸುವುದು, ಕರಗಿದ ಉಕ್ಕಿನ ಬಣ್ಣ ಮತ್ತು ಕುದಿತವನ್ನು ಕಣ್ಣಿನಿಂದಲೇ ನೋಡಿ ಹದ ನಿರ್ಣಯಿಸುವುದು – ಇವೆಲ್ಲ ಪುಸ್ತಕದಲ್ಲಿಲ್ಲದ ವಿದ್ಯೆಗಳು. ಈ ವಿದ್ಯೆಯನ್ನು ತಂದೆಯ ಬಳಿಯಲ್ಲಿ, ಬಾಲ್ಯದಲ್ಲೇ ಕಂಡದ್ದು ಬ್ರಿಯರ್ಲಿಯವರ ಮೇಲೆ ಆಳವಾದ ಪ್ರಭಾವ ಬೀರಿತು. ಮುಂದೆ ರಸಾಯನತಜ್ಞರಾಗಿ ಹೆಸರು ಗಳಿಸಿದ ಮೇಲೂ, ಅನುಭವಿ ಕೆಲಸಗಾರನ ಕೈ ಮತ್ತು ಕಣ್ಣುಗಳ ತಿಳಿವಳಿಕೆಯನ್ನು ಅವರು ಎಂದೂ ಕಡೆಗಣಿಸಲಿಲ್ಲ.

ಸೀಸೆ ತೊಳೆಯುವ ಹುಡುಗನಿಂದ ರಸಾಯನತಜ್ಞ

ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟ ಹ್ಯಾರಿ, ತಂದೆ ದುಡಿಯುತ್ತಿದ್ದ ಥಾಮಸ್ ಫರ್ತ್ ಅಂಡ್ ಸನ್ಸ್ ಸಂಸ್ಥೆಯ ಉಕ್ಕಿನ ಕಾರ್ಖಾನೆಯಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಸೇರಿದರು. ಕೆಲಕಾಲದಲ್ಲೇ ಅದೇ ಸಂಸ್ಥೆಯ ರಾಸಾಯನಿಕ ಪ್ರಯೋಗಾಲಯದಲ್ಲಿ ಸೀಸೆಗಳನ್ನು ತೊಳೆಯುವ ಕೆಲಸ ದೊರೆಯಿತು. ಪ್ರಯೋಗಾಲಯದ ಮುಖ್ಯ ರಸಾಯನತಜ್ಞರಾಗಿದ್ದ ಜೇಮ್ಸ್ ಟೇಲರ್ ಈ ಹುಡುಗನ ಆಸಕ್ತಿಯನ್ನು ಗುರುತಿಸಿ, ಗಣಿತವನ್ನು ಕಲಿಯಲು ಹಾಗೂ ಕೈಕೆಲಸಗಳಲ್ಲಿ ಪಳಗಲು ಪ್ರೋತ್ಸಾಹ ನೀಡಿದರು. ಹಗಲು ದುಡಿಮೆ, ಸಂಜೆ ಪಾಠ, ಉಳಿದ ಹೊತ್ತಿನಲ್ಲಿ ಸ್ವಂತ ಓದು ಎಂಬ ಕ್ರಮದಲ್ಲಿ ಬ್ರಿಯರ್ಲಿ ಹಲವು ವರ್ಷ ಶ್ರಮಿಸಿದರು. ಯಾವ ವಿಶ್ವವಿದ್ಯಾನಿಲಯದ ಪದವಿಯೂ ಇಲ್ಲದೆ, ಉಕ್ಕಿನ ರಾಸಾಯನಿಕ ವಿಶ್ಲೇಷಣೆಯಲ್ಲಿ ಪರಿಣತರೆಂಬ ಮನ್ನಣೆಯನ್ನು ಯೌವನದಲ್ಲೇ ಗಳಿಸಿಕೊಂಡರು.

1895ರಲ್ಲಿ ಹೆಲೆನ್ ತೆರೇಸಾ ಕ್ರ್ಯಾಂಕ್ ಅವರೊಡನೆ ವಿವಾಹವಾಯಿತು. ಮಗನಿಗೆ ಇಟ್ಟ ಹೆಸರು ಲಿಯೋ ಟೇಲರ್ ಬ್ರಿಯರ್ಲಿ.

1901ರಲ್ಲಿ ಬ್ರಿಯರ್ಲಿ ಫರ್ತ್ ಸಂಸ್ಥೆಯನ್ನು ಬಿಟ್ಟು, ಶೆಫೀಲ್ಡ್‌ನ ಕೈಸರ್ ಎಲಿಸನ್ ಎಂಬ ಮತ್ತೊಂದು ಉಕ್ಕಿನ ಸಂಸ್ಥೆಯಲ್ಲಿ ರಸಾಯನತಜ್ಞರಾದರು. ಫ್ರೆಡ್ ಇಬ್ಬಟ್‌ಸನ್ ಅವರೊಡಗೂಡಿ ಬರೆದ, ಉಕ್ಕಿನ ಕಾರ್ಖಾನೆಯ ಪದಾರ್ಥಗಳ ವಿಶ್ಲೇಷಣೆಯನ್ನು ಕುರಿತ ಗ್ರಂಥವು 1902ರಲ್ಲಿ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಅವರು ಮತ್ತೆ ಫರ್ತ್ ಸಂಸ್ಥೆಗೆ ಮರಳಿದರು.

ರಿಗಾ ನಗರದಲ್ಲಿ

ಫರ್ತ್ ಸಂಸ್ಥೆಗೆ ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಲಾಟ್ವಿಯಾ ದೇಶದ ರಾಜಧಾನಿಯಾಗಿರುವ ರಿಗಾದಲ್ಲಿ ಸಾಲಮ್ಯಾಂಡರ್ ಎಂಬ ಹೆಸರಿನ ಉಕ್ಕಿನ ಕಾರ್ಖಾನೆ ಇತ್ತು. 1904ರಲ್ಲಿ ಬ್ರಿಯರ್ಲಿಯವರನ್ನು ಅಲ್ಲಿಗೆ ರಸಾಯನತಜ್ಞರನ್ನಾಗಿ ಕಳುಹಿಸಲಾಯಿತು. 1905ರ ರಷ್ಯಾದ ಕ್ರಾಂತಿಯ ಗಲಭೆಗಳ ನಡುವೆಯೂ ಅಲ್ಲಿಯೇ ಉಳಿದ ಅವರು ಮುಂದೆ ಆ ಕಾರ್ಖಾನೆಯ ಉಸ್ತುವಾರಿಯನ್ನೇ ವಹಿಸಿಕೊಂಡರು.

ಶೆಫೀಲ್ಡ್‌ನಲ್ಲಿದ್ದ ನುರಿತ ಕೆಲಸಗಾರರಾಗಲಿ ಸಲಕರಣೆಗಳಾಗಲಿ ರಿಗಾದಲ್ಲಿ ಇರಲಿಲ್ಲ. ಉಕ್ಕನ್ನು ಕಾಯಿಸಿ ತಣಿಸುವ ಹದಗಾರಿಕೆಯನ್ನು ಹೊಸಬರಿಗೆ ಕಲಿಸಬೇಕಾಯಿತು. ನಿರ್ದಿಷ್ಟ ಉಷ್ಣತೆಯಲ್ಲಿ ಕರಗುವ ಲವಣಗಳನ್ನು ಕುಲುಮೆಯಲ್ಲಿರಿಸಿ, ಅವು ಕರಗಿದುದನ್ನು ಕಂಡು ಕುಲುಮೆಯ ಉಷ್ಣತೆಯನ್ನು ತಿಳಿಯುವಂಥ ಸರಳ ವಿಧಾನಗಳನ್ನು ಬ್ರಿಯರ್ಲಿ ಬಳಕೆಗೆ ತಂದರು. ತಂದೆಯ ಕಾಲದ ಕಣ್ಣಂದಾಜು ಮತ್ತು ಹೊಸ ಕಾಲದ ಅಳತೆ ಎರಡನ್ನೂ ಬೆಸೆಯುವ ಅವರ ಕಾರ್ಯವಿಧಾನ ಗಟ್ಟಿಗೊಂಡದ್ದು ಇಲ್ಲಿಯೇ. 1907ರಲ್ಲಿ ಅವರು ಶೆಫೀಲ್ಡ್‌ಗೆ ಹಿಂದಿರುಗಿದರು.

ಶೆಫೀಲ್ಡ್‌ನ ಎರಡು ದೊಡ್ಡ ಸಂಸ್ಥೆಗಳಾದ ಜಾನ್ ಬ್ರೌನ್ ಮತ್ತು ಥಾಮಸ್ ಫರ್ತ್ ಒಟ್ಟಾಗಿ ಒಂದು ಸಂಶೋಧನಾಲಯವನ್ನು ಸ್ಥಾಪಿಸಿದಾಗ, 1908ರಲ್ಲಿ ಬ್ರಿಯರ್ಲಿಯವರೇ ಅದರ ಮುಖ್ಯಸ್ಥರಾಗಿ ನೇಮಕಗೊಂಡರು. ಇದು ಬ್ರೌನ್-ಫರ್ತ್ ಸಂಶೋಧನಾಲಯವೆಂದು ಹೆಸರಾಯಿತು. 1911ರಲ್ಲಿ ಉಪಕರಣಗಳ ಉಕ್ಕನ್ನು ಹದಗೊಳಿಸುವ ವಿಧಾನವನ್ನು ಕುರಿತು ಅವರು ಬರೆದ ಪುಸ್ತಕ ಹೊರಬಂದಿತು.

ಕ್ರೋಮಿಯಮ್ ಉಕ್ಕಿನ ಪೂರ್ವೇತಿಹಾಸ

ಉಕ್ಕು ಎಂದರೆ ಕಬ್ಬಿಣದೊಡನೆ ಅಲ್ಪ ಪ್ರಮಾಣದ ಇಂಗಾಲ ಬೆರೆತ ಲೋಹ. ಇಂಗಾಲ ಹೆಚ್ಚಿದಂತೆ ಉಕ್ಕು ಗಡಸಾಗುತ್ತದೆ. ಮಿತಿಮೀರಿದರೆ ಬಿರುಸಾಗಿ ಒಡೆಯುತ್ತದೆ. ಗಾಳಿ ಮತ್ತು ತೇವಕ್ಕೆ ಸಿಕ್ಕ ಸಾಮಾನ್ಯ ಉಕ್ಕು ತುಕ್ಕು ಹಿಡಿಯುವುದು ಅನಾದಿಕಾಲದ ಸಮಸ್ಯೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಭಾರತದಿಂದ ಬಂದ ಮೂಸೆ ಉಕ್ಕು ಯುರೋಪಿನ ವಿಜ್ಞಾನಿಗಳ ಕುತೂಹಲವನ್ನು ಕೆರಳಿಸಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಬಳಸುವ ವುಟ್ಜ್ ಎಂಬ ಪದವು ಕನ್ನಡದ ಉಕ್ಕು ಎಂಬ ಪದದಿಂದ ಬಂದುದೆಂದು ಸಾಮಾನ್ಯವಾಗಿ ಅಭಿಪ್ರಾಯಪಡಲಾಗಿದೆ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಮತ್ತು ಜೇಮ್ಸ್ ಸ್ಟೊಡಾರ್ಟ್ ಈ ಉಕ್ಕನ್ನು ಪರೀಕ್ಷಿಸುತ್ತ, ಉಕ್ಕಿಗೆ ನಾನಾ ಲೋಹಗಳನ್ನು ಬೆರೆಸುವ ಪ್ರಯೋಗಗಳನ್ನು ನಡೆಸಿದರು. ಅವುಗಳಲ್ಲಿ ಕ್ರೋಮಿಯಮ್ ಕೂಡ ಒಂದು. 1821ರಲ್ಲಿ ಫ್ರಾನ್ಸಿನ ಪಿಯರ್ ಬೆರ್ತಿಯೆ, ಕ್ರೋಮಿಯಮ್ ಬೆರೆತ ಕಬ್ಬಿಣವು ಆಮ್ಲಗಳನ್ನು ತಡೆಯುತ್ತದೆಂಬುದನ್ನು ಗಮನಿಸಿ, ಚಾಕು ಕತ್ತರಿಗಳಿಗೆ ಅದು ಉಪಯುಕ್ತವಾಗಬಹುದೆಂದು ಸೂಚಿಸಿದ್ದರು. ಆದರೆ ಆ ಕಾಲದ ಕ್ರೋಮಿಯಮ್ ಮಿಶ್ರಣಗಳಲ್ಲಿ ಇಂಗಾಲದ ಅಂಶ ಬಹಳ ಹೆಚ್ಚಾಗಿದ್ದುದರಿಂದ ಅವು ಬಿರುಸಾಗಿದ್ದು ಬಳಕೆಗೆ ಒದಗಲಿಲ್ಲ.

1890ರ ದಶಕದಲ್ಲಿ ಜರ್ಮನಿಯ ಹಾನ್ಸ್ ಗೋಲ್ಡ್‌ಶ್ಮಿಟ್ ಇಂಗಾಲವಿಲ್ಲದ ಕ್ರೋಮಿಯಮ್ ತಯಾರಿಸುವ ವಿಧಾನವನ್ನು ರೂಪಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಫ್ರಾನ್ಸಿನ ಲಿಯೋ ಗಿಯೆ ಇಂಥ ಉಕ್ಕುಗಳ ಒಳರಚನೆಯನ್ನು ಅಭ್ಯಸಿಸಿದರಾದರೂ ಅವು ತುಕ್ಕು ಹಿಡಿಯದಿರುವ ಗುಣದ ಕಡೆ ಗಮನ ಹರಿಸಲಿಲ್ಲ. ಜರ್ಮನಿಯ ಫಿಲಿಪ್ ಮೊನಾರ್ಟ್ಸ್ 1911ರಲ್ಲಿ ಆ ಗುಣವನ್ನು ಸ್ಪಷ್ಟವಾಗಿ ವಿವರಿಸಿದರು. ಇದಕ್ಕೆ ವ್ಯತಿರಿಕ್ತವಾಗಿ, ಶೆಫೀಲ್ಡ್‌ನವರೇ ಆದ ರಾಬರ್ಟ್ ಹ್ಯಾಡ್‌ಫೀಲ್ಡ್ 1892ರಲ್ಲಿ ಪ್ರಬಲ ಗಂಧಕಾಮ್ಲದಲ್ಲಿ ಕ್ರೋಮಿಯಮ್ ಉಕ್ಕನ್ನು ಪರೀಕ್ಷಿಸಿ, ಕ್ರೋಮಿಯಮ್ ಸೇರಿದರೆ ಉಕ್ಕಿನ ತಾಳಿಕೆ ಕುಗ್ಗುತ್ತದೆಂಬ ನಿರ್ಣಯಕ್ಕೆ ಬಂದಿದ್ದರು. ಪರೀಕ್ಷೆಗೆ ಆರಿಸಿಕೊಂಡ ಆಮ್ಲವೇ ಅವರನ್ನು ದಾರಿ ತಪ್ಪಿಸಿತ್ತು. ಹೀಗೆ, ಬ್ರಿಯರ್ಲಿಯವರಿಗಿಂತ ಮೊದಲೇ ಹಲವರು ಈ ಲೋಹವನ್ನು ಕೈಯಲ್ಲಿ ಹಿಡಿದಿದ್ದರು.

1913ರ ಶೋಧನೆ

1912ರಲ್ಲಿ ಬ್ರಿಯರ್ಲಿಯವರ ಮುಂದೆ ಬಂದ ಸಮಸ್ಯೆ ತುಕ್ಕಿನದಲ್ಲ, ಬಂದೂಕಿನ ನಳಿಕೆಗಳದು. ಗುಂಡು ಹಾರಿಸಿದಾಗ ಹೊಮ್ಮುವ ಬಿಸಿ ಅನಿಲಗಳಿಂದ ನಳಿಕೆಯ ಒಳಮೈ ಬೇಗನೆ ಸವೆದುಹೋಗುತ್ತಿತ್ತು. ಎನ್‌ಫೀಲ್ಡ್‌ನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯ ಈ ತೊಂದರೆಯನ್ನು ಪರಿಶೀಲಿಸಲು ಅವರನ್ನು ಕೇಳಿಕೊಳ್ಳಲಾಯಿತು. ಹೆಚ್ಚಿನ ಉಷ್ಣತೆಯನ್ನು ತಾಳಬಲ್ಲ ಉಕ್ಕಾದರೆ ಸವೆತ ಕಡಿಮೆಯಾಗಬಹುದೆಂದು ಭಾವಿಸಿದ ಬ್ರಿಯರ್ಲಿ, ಕ್ರೋಮಿಯಮ್ ಪ್ರಮಾಣವನ್ನು ಸುಮಾರು ಶೇಕಡ 6ರಿಂದ 15ರವರೆಗೆ ಬದಲಿಸುತ್ತ, ಇಂಗಾಲದ ಪ್ರಮಾಣವನ್ನೂ ಹೆಚ್ಚುಕಡಿಮೆ ಮಾಡುತ್ತ ಹಲವು ಬಗೆಯ ಉಕ್ಕುಗಳನ್ನು ತಯಾರಿಸಲು ತೊಡಗಿದರು.

ಮೂಸೆಯಲ್ಲಿ ಮಾಡಿದ ಮೊದಲ ಯತ್ನಗಳು ತೃಪ್ತಿಕರವಾಗಲಿಲ್ಲ. ಬಳಿಕ ವಿದ್ಯುತ್ ಕುಲುಮೆಯನ್ನು ಬಳಸಲಾಯಿತು. 1913ರ ಆಗಸ್ಟ್ 13ರಂದು ಎರಕಹೊಯ್ದ ಉಕ್ಕಿನಲ್ಲಿ ಶೇಕಡ 0.24 ಇಂಗಾಲ ಹಾಗೂ ಶೇಕಡ 12.8 ಕ್ರೋಮಿಯಮ್ ಇದ್ದವು. ಮೊದಲ ನಿಜವಾದ ಸ್ಟೇನ್‌ಲೆಸ್ ಉಕ್ಕೆಂದು ಹಲವರು ಪರಿಗಣಿಸುವುದು ಇದನ್ನೇ.

ಉಕ್ಕಿನ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ, ಅದರ ಮೈಯನ್ನು ಉಜ್ಜಿ ಹೊಳಪುಗೊಳಿಸಿ, ಆಲ್ಕೊಹಾಲಿನಲ್ಲಿ ಬೆರೆಸಿದ ದುರ್ಬಲ ನೈಟ್ರಿಕ್ ಆಮ್ಲದಿಂದ ಸ್ವಲ್ಪ ಕೊರೆಸುವುದು ವಾಡಿಕೆ. ಆಮ್ಲ ಕೊರೆದಾಗ ಲೋಹದ ಕಣಗಳ ಅಂಚುಗಳು ಎದ್ದು ಕಾಣುತ್ತವೆ. ಆದರೆ ಹೊಸ ಉಕ್ಕನ್ನು ಆಮ್ಲ ಸರಿಯಾಗಿ ಕೊರೆಯಲೇ ಇಲ್ಲ. ಇನ್ನೊಬ್ಬರಿಗೆ ಇದು ಪರೀಕ್ಷೆಗೆ ಒದಗಿದ ಅಡ್ಡಿಯಾಗಿ ಮಾತ್ರ ಕಾಣಬಹುದಿತ್ತು. ಚಾಕುಗಳ ಊರಿನಲ್ಲಿ ಹುಟ್ಟಿ ಬೆಳೆದ ಬ್ರಿಯರ್ಲಿ ಅದರಲ್ಲಿ ಬೇರೊಂದನ್ನು ಕಂಡರು. ಅವರು ವಿನೆಗರ್, ನಿಂಬೆರಸ ಮುಂತಾದ ಅಡುಗೆಮನೆಯ ಹುಳಿ ಪದಾರ್ಥಗಳಿಂದ ಅದನ್ನು ಪರೀಕ್ಷಿಸಿದರು. ಉಕ್ಕು ಕಲೆಗಟ್ಟಲಿಲ್ಲ.

ಉಕ್ಕನ್ನು ಹದಗೊಳಿಸುವ ರೀತಿಗೂ ಈ ಗುಣಕ್ಕೂ ಸಂಬಂಧವಿದೆ ಎಂಬುದನ್ನೂ ಅವರು ಕಂಡುಕೊಂಡರು. ಚೆನ್ನಾಗಿ ಕಾಯಿಸಿ ಥಟ್ಟನೆ ತಣಿಸಿ ಗಡಸುಗೊಳಿಸಿದಾಗ ಅದರ ತಾಳಿಕೆ ಹೆಚ್ಚು. ನಿಧಾನವಾಗಿ ತಣಿಸಿ ಮೃದುಗೊಳಿಸಿದಾಗ ಕಡಿಮೆ. ಇದಕ್ಕೆ ಕಾರಣ ಇಂಗಾಲದ ನಡವಳಿಕೆ. ಮೃದುಗೊಳಿಸಿದ ಉಕ್ಕಿನಲ್ಲಿ ಇಂಗಾಲವು ಕ್ರೋಮಿಯಮ್‌ನೊಡನೆ ಕೂಡಿ ಕಾರ್ಬೈಡ್ ಎಂಬ ಸಂಯುಕ್ತವಾಗಿ ಬೇರ್ಪಡುತ್ತದೆ. ಹಾಗೆ ಸೆರೆಯಾದ ಕ್ರೋಮಿಯಮ್ ಉಕ್ಕನ್ನು ಕಾಯುವ ಕೆಲಸಕ್ಕೆ ಒದಗುವುದಿಲ್ಲ. ಹೆಚ್ಚಿನ ಉಷ್ಣತೆಯಲ್ಲಿ ಈ ಸಂಯುಕ್ತ ಉಕ್ಕಿನಲ್ಲಿ ಕರಗುತ್ತದೆ. ಥಟ್ಟನೆ ತಣಿಸಿದರೆ ಕ್ರೋಮಿಯಮ್ ಅಲ್ಲೇ ಹರಡಿಕೊಂಡು ಉಳಿಯುತ್ತದೆ.

ಸುಮಾರು ಶೇಕಡ 10.5ಕ್ಕಿಂತ ಹೆಚ್ಚು ಕ್ರೋಮಿಯಮ್ ಇದ್ದಾಗ ಉಕ್ಕಿನ ಮೇಲೆ ಕ್ರೋಮಿಯಮ್ ಆಕ್ಸೈಡಿನ ಅತಿ ತೆಳುವಾದ ಪೊರೆ ಉಂಟಾಗುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಈ ಪೊರೆ ಆಮ್ಲಜನಕವು ಒಳಗಿನ ಕಬ್ಬಿಣವನ್ನು ತಲುಪದಂತೆ ತಡೆಯುತ್ತದೆ. ಮೇಲ್ಮೈ ಗೀಚಿಹೋದರೂ ಗಾಳಿಯ ಸಂಪರ್ಕದಿಂದ ಪೊರೆ ತಾನಾಗಿಯೇ ಮತ್ತೆ ಮೂಡುತ್ತದೆ.

ಕಾರ್ಖಾನೆಯ ಹೊರಗೆ ಎಸೆದಿದ್ದ ಗುಜರಿಯ ರಾಶಿಯಲ್ಲಿ ಒಂದು ತುಂಡು ಮಾತ್ರ ಹೊಳೆಯುತ್ತಿದ್ದುದನ್ನು ಬ್ರಿಯರ್ಲಿ ಆಕಸ್ಮಿಕವಾಗಿ ಕಂಡರೆಂಬ ಕಥೆ ಜನಪ್ರಿಯವಾಗಿದೆ. ಆದರೆ ಶೋಧನೆಗೆ ದಾರಿಯಾದದ್ದು ಆಮ್ಲದ ಪರೀಕ್ಷೆಯೆಂಬುದೇ ಹೆಚ್ಚು ಒಪ್ಪಿತವಾದ ವಿವರಣೆ.

ಚಾಕುವಿನ ಪ್ರಯೋಗಗಳು

ಅಂದಿನ ಮನೆಗಳಲ್ಲಿ ಊಟದ ಚಾಕುಗಳನ್ನು ಬಳಸಿದ ಪ್ರತಿಸಲವೂ ತೊಳೆದು, ಒರೆಸಿ, ಪುಡಿ ಹಾಕಿ ತಿಕ್ಕಿ ಹೊಳಪು ಬರಿಸಬೇಕಾಗಿತ್ತು. ಹುಳಿ ಹಣ್ಣು ಕತ್ತರಿಸಿದರೆ ಕಪ್ಪು ಕಲೆ ಮೂಡುತ್ತಿತ್ತು. ಹೊಸ ಉಕ್ಕಿನಿಂದ ಚಾಕುಗಳನ್ನು ತಯಾರಿಸಬಹುದೆಂದು ಬ್ರಿಯರ್ಲಿ ತಮ್ಮ ಸಂಸ್ಥೆಗೆ ತಿಳಿಸಿದರು. ಯುದ್ಧೋಪಕರಣಗಳ ದೊಡ್ಡ ವ್ಯವಹಾರದಲ್ಲಿ ಮುಳುಗಿದ್ದ ಸಂಸ್ಥೆಯ ಆಡಳಿತವರ್ಗ ಅದರಲ್ಲಿ ಹೆಚ್ಚಿನ ಆಸಕ್ತಿ ತೋರಲಿಲ್ಲ. ಬ್ರಿಟನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆಯಲೂ ಮುಂದಾಗಲಿಲ್ಲ.

ಮಾದರಿಗಾಗಿ ಉಕ್ಕನ್ನು ಪಡೆದ ಶೆಫೀಲ್ಡ್‌ನ ಚಾಕು ತಯಾರಕರಿಂದಲೂ ಮೊದಲಿಗೆ ನಿರಾಶಾದಾಯಕ ವರದಿಯೇ ಬಂದಿತು. ಈ ಉಕ್ಕನ್ನು ಬಡಿದು ರೂಪಕ್ಕೆ ತರುವುದು ಕಷ್ಟ, ಅದಕ್ಕೆ ಹರಿತವಾದ ಬಾಯಿ ಬರುವುದಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಕೊಯ್ಯದ ಚಾಕುವನ್ನು ಕಂಡುಹಿಡಿದವರೆಂದು ಬ್ರಿಯರ್ಲಿ ಗೇಲಿಗೂ ಗುರಿಯಾದರು. ಆದರೆ ದೋಷವಿದ್ದುದು ಉಕ್ಕಿನಲ್ಲಲ್ಲ, ಹದಗಾರಿಕೆಯಲ್ಲಿ. ಸಾಮಾನ್ಯ ಉಕ್ಕಿಗಿಂತ ಈ ಉಕ್ಕನ್ನು ಹೆಚ್ಚಿನ ಉಷ್ಣತೆಗೆ ಕಾಯಿಸಿ ಗಡಸುಗೊಳಿಸಬೇಕು. ತಲೆಮಾರುಗಳಿಂದ ರೂಢಿಯಲ್ಲಿದ್ದ ಹದವನ್ನೇ ಹೊಸ ಲೋಹಕ್ಕೂ ಅನ್ವಯಿಸಿದ್ದರಿಂದ ಕೆಲಸ ಕೆಟ್ಟಿತ್ತು.

1914ರಲ್ಲಿ ಆರ್. ಎಫ್. ಮೋಸ್ಲಿ ಎಂಬ ಚಾಕು ತಯಾರಿಕಾ ಸಂಸ್ಥೆಯ ವ್ಯವಸ್ಥಾಪಕರಾಗಿದ್ದ ಅರ್ನೆಸ್ಟ್ ಸ್ಟುವರ್ಟ್ ಅವರ ಪರಿಚಯವಾಯಿತು. ಸ್ಟುವರ್ಟ್ ವಿನೆಗರಿನಲ್ಲಿ ಈ ಉಕ್ಕನ್ನು ಪರೀಕ್ಷಿಸಿ ಮೆಚ್ಚಿಕೊಂಡರು. ಬ್ರಿಯರ್ಲಿ ತಮ್ಮ ಲೋಹವನ್ನು ತುಕ್ಕು ಹಿಡಿಯದ ಉಕ್ಕೆಂದು ಕರೆಯುತ್ತಿದ್ದರು. ಕಲೆಗಟ್ಟದ ಉಕ್ಕು ಎಂಬ ಅರ್ಥದ ಸ್ಟೇನ್‌ಲೆಸ್ ಎಂಬ ಹೆಸರನ್ನು ಸೂಚಿಸಿದವರು ಸ್ಟುವರ್ಟ್. ಅವರ ಮೊದಲ ಯತ್ನಗಳೂ ವಿಫಲವಾದವು. ಉಕ್ಕಿನ ಗಡಸುತನಕ್ಕೆ ಅವರ ಉಪಕರಣಗಳೇ ಹಾಳಾದವು. ಕೊನೆಗೆ ಬ್ರಿಯರ್ಲಿಯವರೇ ಕಾರ್ಖಾನೆಗೆ ಬಂದು ಹದ ತೋರಿಸಿದ ಮೇಲೆ ಉತ್ತಮ ಚಾಕುಗಳು ತಯಾರಾದವು.

ಒಡೆತನದ ವಿವಾದ

ಚಾಕುಗಳು ಯಶಸ್ವಿಯಾದ ಕೂಡಲೇ ಫರ್ತ್ ಸಂಸ್ಥೆಗೆ ಹೊಸ ಉಕ್ಕಿನ ಬೆಲೆ ತಿಳಿಯಿತು. ಶೋಧನೆ ಯಾರದೆಂಬ ಪ್ರಶ್ನೆಯೂ ಎದ್ದಿತು. ಸಂಸ್ಥೆಯ ಪ್ರಯೋಗಾಲಯದಲ್ಲಿ, ಸಂಸ್ಥೆಯ ವೇತನ ಪಡೆಯುವವರು ಕಂಡುಕೊಂಡದ್ದು ಸಂಸ್ಥೆಗೇ ಸೇರಬೇಕೆಂಬುದು ಆಡಳಿತವರ್ಗದ ನಿಲುವು. ಚಾಕುವಿನ ಕಲ್ಪನೆಯನ್ನು ಮುಂದಿಟ್ಟವರು ತಾವು, ಸಂಸ್ಥೆ ಬೇಡವೆಂದಾಗಲೂ ಪಟ್ಟುಬಿಡದೆ ಅದನ್ನು ಸಾಧಿಸಿ ತೋರಿಸಿದವರೂ ತಾವು, ಆದುದರಿಂದ ಅದರಲ್ಲಿ ತಮಗೂ ಪಾಲಿದೆ ಎಂಬುದು ಬ್ರಿಯರ್ಲಿಯವರ ವಾದ. ಹಣಕ್ಕಿಂತಲೂ ಮಿಗಿಲಾಗಿ, ತಮ್ಮ ಕೊಡುಗೆಯನ್ನು ಮಾನ್ಯಮಾಡದಿರುವುದು ಅವರನ್ನು ನೋಯಿಸಿತು. ಒಮ್ಮತ ಮೂಡಲಿಲ್ಲ. 1914ರ ಡಿಸೆಂಬರ್ ಕೊನೆಯಲ್ಲಿ ಅವರು ಸಂಶೋಧನಾಲಯದ ಹುದ್ದೆಗೆ ರಾಜೀನಾಮೆ ನೀಡಿದರು.

1915ರಲ್ಲಿ ಅವರು ಶೆಫೀಲ್ಡ್‌ನ ಬ್ರೌನ್ ಬೇಲಿ ಉಕ್ಕಿನ ಕಾರ್ಖಾನೆಯನ್ನು ಸೇರಿ ಅದರ ವ್ಯವಸ್ಥಾಪಕರಾದರು. ಬ್ರಿಟನ್ನಿನಲ್ಲಿ ಪೇಟೆಂಟ್ ಕೈತಪ್ಪಿದ್ದರೂ ಅಮೆರಿಕದಲ್ಲಿ ಅವಕಾಶವಿತ್ತು. ಜಾನ್ ಮ್ಯಾಡಕ್ಸ್ ಎಂಬ ಹಿರಿಯರ ಪ್ರೇರಣೆಯಿಂದ ಬ್ರಿಯರ್ಲಿ ಅಲ್ಲಿ ಅರ್ಜಿ ಸಲ್ಲಿಸಿದರು. 1916ರ ಸೆಪ್ಟೆಂಬರ್ 5ರಂದು ಶೇಕಡ 9ರಿಂದ 16ರಷ್ಟು ಕ್ರೋಮಿಯಮ್ ಮತ್ತು ಶೇಕಡ 0.7ಕ್ಕಿಂತ ಕಡಿಮೆ ಇಂಗಾಲವಿರುವ ಉಕ್ಕಿನಿಂದ ಮಾಡಿದ ಚಾಕು ಮುಂತಾದ ವಸ್ತುಗಳಿಗೆ ಅಮೆರಿಕದ ಪೇಟೆಂಟ್ ದೊರೆಯಿತು. ಇದಾದ ಬಳಿಕ ಫರ್ತ್ ಸಂಸ್ಥೆ ರಾಜಿಗೆ ಮುಂದಾಯಿತು. 1917ರಲ್ಲಿ ಫರ್ತ್-ಬ್ರಿಯರ್ಲಿ ಸ್ಟೇನ್‌ಲೆಸ್ ಸ್ಟೀಲ್ ಸಿಂಡಿಕೇಟ್ ಎಂಬ ಜಂಟಿ ಸಂಸ್ಥೆ ರೂಪುಗೊಂಡು, ಹಕ್ಕುಗಳಲ್ಲಿ ಬ್ರಿಯರ್ಲಿಯವರಿಗೂ ಪಾಲು ದೊರೆಯಿತು.

ಅಮೆರಿಕದಲ್ಲಿ ಮತ್ತೊಬ್ಬ ಹಕ್ಕುದಾರರಿದ್ದರು. ಇಂಡಿಯಾನಾ ರಾಜ್ಯದ ಎಲ್‌ವುಡ್ ಹೇನ್ಸ್ ಎಂಬ ಲೋಹತಜ್ಞ ಹಾಗೂ ಮೋಟಾರು ವಾಹನ ತಯಾರಕರು ಸ್ವತಂತ್ರವಾಗಿ ಇಂಥದೇ ಉಕ್ಕನ್ನು ಕಂಡುಕೊಂಡಿದ್ದರು. ಅವರಿಗೆ 1919ರಲ್ಲಿ ಪೇಟೆಂಟ್ ದೊರೆಯಿತು. ಕೊನೆಗೆ ಇಬ್ಬರ ಪೇಟೆಂಟುಗಳನ್ನೂ ಅಮೆರಿಕನ್ ಸ್ಟೇನ್‌ಲೆಸ್ ಸ್ಟೀಲ್ ಕಂಪನಿ ಎಂಬ ಸಂಸ್ಥೆಯಡಿ ಒಟ್ಟುಗೂಡಿಸಿ ವಿವಾದವನ್ನು ಬಗೆಹರಿಸಲಾಯಿತು.

ಈ ನಡುವೆ ಮೊದಲನೆಯ ಮಹಾಯುದ್ಧ ಆರಂಭವಾಗಿತ್ತು. ಹೆಚ್ಚಿನ ಬಿಸಿಯಲ್ಲೂ ಗಟ್ಟಿಯಾಗಿ ಉಳಿಯುವ ಕ್ರೋಮಿಯಮ್ ಉಕ್ಕು ವಿಮಾನ ಎಂಜಿನ್ನುಗಳ ಕವಾಟಗಳಿಗೆ ಅಗತ್ಯವಾಯಿತು. ಬಂದೂಕಿಗಾಗಿ ಆರಂಭವಾಗಿ ಅಡುಗೆಮನೆಯ ಕಡೆ ಹೊರಳಿದ್ದ ಲೋಹ ಮತ್ತೆ ಯುದ್ಧದ ಕೆಲಸಕ್ಕೆ ಒದಗಿತು. ಯುದ್ಧ ಮುಗಿದ ಮೇಲೆ ಚಾಕುಗಳ ತಯಾರಿಕೆ ವ್ಯಾಪಕವಾಗಿ ನಡೆಯಿತು.

ಸಮಕಾಲೀನರು ಮತ್ತು ಶ್ರೇಯಸ್ಸಿನ ಪ್ರಶ್ನೆ

ಸ್ಟೇನ್‌ಲೆಸ್ ಉಕ್ಕನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಸಾಲದು. ಜರ್ಮನಿಯ ಕ್ರುಪ್ ಸಂಸ್ಥೆಯಲ್ಲಿ ಬೆನ್ನೊ ಸ್ಟ್ರಾಸ್ ಮತ್ತು ಎಡ್ವರ್ಡ್ ಮೌರರ್, ಕ್ರೋಮಿಯಮ್ ಜೊತೆಗೆ ನಿಕಲ್ ಕೂಡ ಬೆರೆತ ಉಕ್ಕನ್ನು ರೂಪಿಸಿದ್ದರು. ಅದಕ್ಕೆ 1912ರಲ್ಲೇ ಪೇಟೆಂಟ್ ಅರ್ಜಿ ಸಲ್ಲಿಕೆಯಾಗಿತ್ತು. ಬ್ರಿಯರ್ಲಿಯವರ ಉಕ್ಕು ಗಡಸುಗೊಳಿಸಬಹುದಾದ ಬಗೆಯದು. ಚಾಕು ಮತ್ತು ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಹೇಳಿ ಮಾಡಿಸಿದ್ದು. ಜರ್ಮನ್ ಉಕ್ಕು ಸುಲಭವಾಗಿ ಬಾಗಿಸಿ ರೂಪಿಸಬಹುದಾದ ಬಗೆಯದು. 1924ರಲ್ಲಿ ಬ್ರೌನ್-ಫರ್ತ್ ಸಂಶೋಧನಾಲಯದಲ್ಲಿ ಬ್ರಿಯರ್ಲಿಯವರ ಉತ್ತರಾಧಿಕಾರಿಯಾಗಿದ್ದ ವಿಲಿಯಂ ಹರ್ಬರ್ಟ್ ಹ್ಯಾಟ್‌ಫೀಲ್ಡ್, ಶೇಕಡ 18 ಕ್ರೋಮಿಯಮ್ ಮತ್ತು ಶೇಕಡ 8 ನಿಕಲ್ ಇರುವ ಉಕ್ಕನ್ನು ಬಳಕೆಗೆ ತಂದರು. ಇಂದು ಅಡುಗೆಯ ಪಾತ್ರೆಗಳಿಗೆ ಹೆಚ್ಚಾಗಿ ಬಳಕೆಯಾಗುವುದು ಈ ಬಗೆಯ ಉಕ್ಕು.

ಬ್ರಿಯರ್ಲಿಯವರ ವಿಶೇಷವಿರುವುದು ಲೋಹವನ್ನು ಮೊದಲು ಬೆರೆಸಿದುದರಲ್ಲಿ ಅಲ್ಲ. ಪ್ರಯೋಗದಲ್ಲಿ ಎದುರಾದ ಅಡ್ಡಿಯಲ್ಲಿ ಉಪಯೋಗವನ್ನು ಗುರುತಿಸಿ, ಅದನ್ನು ಕುಲುಮೆಯಿಂದ ಊಟದ ಮೇಜಿನವರೆಗೆ ತಲುಪಿಸಿದುದರಲ್ಲಿ.

ನಂತರದ ಜೀವನ

ಬ್ರೌನ್ ಬೇಲಿ ಸಂಸ್ಥೆಯಲ್ಲಿ ಬ್ರಿಯರ್ಲಿ ಹಲವು ವರ್ಷ ದುಡಿದು, 1925ರಲ್ಲಿ ಸಕ್ರಿಯ ಕೆಲಸದಿಂದ ನಿವೃತ್ತರಾದರು. ಉಕ್ಕಿನ ಗಟ್ಟಿಗಳನ್ನು ಎರಕಹೊಯ್ಯುವುದನ್ನು ಕುರಿತು ಸೋದರ ಆರ್ಥರ್ ಜೊತೆಗೂಡಿ ಒಂದು ಗ್ರಂಥ ರಚಿಸಿದರು. 1920ರಲ್ಲಿ ಬ್ರಿಟನ್ನಿನ ಕಬ್ಬಿಣ ಮತ್ತು ಉಕ್ಕು ಸಂಸ್ಥೆಯು ಅವರಿಗೆ ಬೆಸೆಮರ್ ಸ್ವರ್ಣಪದಕವನ್ನು ನೀಡಿ ಗೌರವಿಸಿತು. 1939ರಲ್ಲಿ ಶೆಫೀಲ್ಡ್ ನಗರವು ಗೌರವ ಪೌರತ್ವವನ್ನು ನೀಡಿತು. ಇದು ಆ ನಗರ ಕೊಡುವ ಅತ್ಯುನ್ನತ ಗೌರವ.

1933ರಲ್ಲಿ ಪ್ರಕಟವಾದ ಸ್ಟೀಲ್ ಮೇಕರ್ಸ್ ಎಂಬ ಪುಸ್ತಕದಲ್ಲಿ ಉಕ್ಕಿನ ಕೆಲಸಗಾರರ ಬದುಕನ್ನು ಚಿತ್ರಿಸಿದರು. 1941ರಲ್ಲಿ ನಾಟೆಡ್ ಸ್ಟ್ರಿಂಗ್ ಎಂಬ ಆತ್ಮಕಥೆ ಹೊರಬಂದಿತು. ಶೀರ್ಷಿಕೆಗೆ ಗಂಟು ಹಾಕಿದ ದಾರ ಎಂದು ಅರ್ಥ. ರಾಸಾಯನಿಕ ವಿಶ್ಲೇಷಣೆಯೊಂದರಿಂದಲೇ ಉಕ್ಕಿನ ಗುಣವನ್ನು ಅಳೆಯಲಾಗದು, ಅದನ್ನು ಕರಗಿಸಿ ಬಡಿದು ಹದಮಾಡಿದವರ ಅನುಭವಕ್ಕೂ ಬೆಲೆಯಿದೆ ಎಂಬುದು ಅವರ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ವಿಚಾರ.

1941ರಲ್ಲೇ ಅವರು ಫ್ರೆಶ್‌ಗೇಟ್ ಟ್ರಸ್ಟ್ ಎಂಬ ದತ್ತಿಸಂಸ್ಥೆಯನ್ನು ಸ್ಥಾಪಿಸಿದರು. ಶೆಫೀಲ್ಡ್ ಪ್ರದೇಶದ ಸಾಮಾನ್ಯ ಜನರಿಗೆ ಶಿಕ್ಷಣ, ಪ್ರವಾಸ, ಕಲೆ ಮುಂತಾದವುಗಳಿಗೆ ನೆರವಾಗುವುದು ಅದರ ಉದ್ದೇಶ. ಬಾಲ್ಯದಲ್ಲಿ ತಮಗೆ ದೊರೆಯದೆ ಹೋದ ಅವಕಾಶಗಳು ಇತರರಿಗೆ ದೊರೆಯಲೆಂಬ ಆಶಯ ಅದರ ಹಿಂದಿತ್ತು.

ಕೊನೆಯ ವರ್ಷಗಳನ್ನು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಟಾರ್ಕ್ವೇ ಎಂಬಲ್ಲಿ ಕಳೆದ ಬ್ರಿಯರ್ಲಿ, 1948ರ ಜುಲೈ 14ರಂದು ಅಲ್ಲಿಯೇ ನಿಧನರಾದರು.

ಮುಂದಿನ ಬೆಳವಣಿಗೆಗಳು: ಇಂಗಾಲದ ನ್ಯಾನೊ ನಳಿಕೆಗಳು

ಇಂಗಾಲ ಮತ್ತು ಕ್ರೋಮಿಯಮ್‌ಗಳ ಸಮತೋಲನವನ್ನು ಕಾಯ್ದುಕೊಳ್ಳುವ ಸಮಸ್ಯೆ ಬ್ರಿಯರ್ಲಿಯವರ ಕಾಲಕ್ಕೆ ಮುಗಿಯಲಿಲ್ಲ. ಇಂದಿನ ಸಂಶೋಧನೆಯಲ್ಲಿ ಅದು ಹೊಸ ರೂಪದಲ್ಲಿ ಎದುರಾಗಿದೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇಂಗಾಲದ ನ್ಯಾನೊ ನಳಿಕೆಗಳನ್ನು ಕುರಿತು ಪ್ರಕಟಿಸಿದ ಲೇಖನದ ನಂತರ ಅವು ವಿಜ್ಞಾನಿಗಳ ಗಮನ ಸೆಳೆದವು. ಇಂಗಾಲದ ಪರಮಾಣುಗಳ ಹಾಳೆಯನ್ನು ಸುರುಳಿ ಸುತ್ತಿದಂತಿರುವ ಈ ನಳಿಕೆಗಳು ಉಕ್ಕಿಗಿಂತ ಬಹಳ ಹಗುರ. ಎಳೆತವನ್ನು ತಾಳುವ ಶಕ್ತಿಯಲ್ಲಿ ಉಕ್ಕನ್ನು ಬಹುಪಾಲು ಮೀರಿಸುತ್ತವೆ. ಇವುಗಳನ್ನು ಸ್ಟೇನ್‌ಲೆಸ್ ಉಕ್ಕಿನೊಳಗೆ ಸೇರಿಸಿ, ಕಾಂಕ್ರೀಟಿನಲ್ಲಿ ಕಂಬಿಗಳಿರುವಂತೆ, ಅದನ್ನು ಇನ್ನಷ್ಟು ಬಲಪಡಿಸುವ ಪ್ರಯತ್ನಗಳು ನಡೆದಿವೆ.

ಇದಕ್ಕಾಗಿ ಉಕ್ಕನ್ನು ಪುಡಿಯ ರೂಪದಲ್ಲಿ ತೆಗೆದುಕೊಂಡು, ನಳಿಕೆಗಳೊಡನೆ ಬೆರೆಸಿ, ಒತ್ತಿ, ಕಾಯಿಸಿ ಗಟ್ಟಿಗೊಳಿಸಲಾಗುತ್ತದೆ. ಎರಡು ತೊಡಕುಗಳು ಮುಖ್ಯವಾದವು. ಮೊದಲನೆಯದಾಗಿ, ನಳಿಕೆಗಳು ಪರಸ್ಪರ ಅಂಟಿಕೊಂಡು ಮುದ್ದೆಯಾಗುವುದರಿಂದ ಲೋಹದಲ್ಲಿ ಸಮನಾಗಿ ಹರಡುವುದಿಲ್ಲ. ಎರಡನೆಯದಾಗಿ, ಹೆಚ್ಚಿನ ಉಷ್ಣತೆಯಲ್ಲಿ ನಳಿಕೆಯ ಇಂಗಾಲ ಉಕ್ಕಿನೊಳಗೆ ಕರಗಿ, ಕ್ರೋಮಿಯಮ್‌ನೊಡನೆ ಕೂಡಿ ಕಾರ್ಬೈಡ್ ಆಗುತ್ತದೆ. ಆಗ ನಳಿಕೆಯೂ ಉಳಿಯುವುದಿಲ್ಲ, ತುಕ್ಕನ್ನು ತಡೆಯಬೇಕಾದ ಕ್ರೋಮಿಯಮ್ ಕೂಡ ಕಡಿಮೆಯಾಗುತ್ತದೆ. ಬ್ರಿಯರ್ಲಿ ಮೃದುಗೊಳಿಸಿದ ಉಕ್ಕಿನಲ್ಲಿ ಕಂಡ ದೌರ್ಬಲ್ಯಕ್ಕೂ ಇದಕ್ಕೂ ಮೂಲ ಒಂದೇ. ಅಲ್ಪಕಾಲದಲ್ಲಿ ಕಾಯಿಸಿ ಗಟ್ಟಿಗೊಳಿಸುವುದು, ನಳಿಕೆಗಳ ಮೇಲೆ ಬೇರೆ ಲೋಹದ ಲೇಪನ ಕೊಡುವುದು ಮೊದಲಾದ ಉಪಾಯಗಳಿಂದ ಈ ತೊಡಕನ್ನು ನಿವಾರಿಸುವ ಯತ್ನಗಳು ನಡೆಯುತ್ತಿವೆ.

2006ರಲ್ಲಿ ಜರ್ಮನಿಯ ಡ್ರೆಸ್‌ಡೆನ್ ನಗರದ ಪೀಟರ್ ಪೌಫ್ಲರ್ ಮತ್ತು ಸಂಗಡಿಗರು, ಹದಿನೇಳನೆಯ ಶತಮಾನದ ಡಮಾಸ್ಕಸ್ ಖಡ್ಗವೊಂದರ ಉಕ್ಕಿನಲ್ಲಿ ಇಂಗಾಲದ ನ್ಯಾನೊ ನಳಿಕೆಗಳು ಕಂಡುಬಂದುದಾಗಿ ವರದಿ ಮಾಡಿದರು. ಡಮಾಸ್ಕಸ್ ಖಡ್ಗಗಳ ತಯಾರಿಕೆಗೆ ಭಾರತದ ಮೂಸೆ ಉಕ್ಕು ಬಳಕೆಯಾಗುತ್ತಿತ್ತು. ಫ್ಯಾರಡೆಯವರ ಕುತೂಹಲವನ್ನು ಕೆರಳಿಸಿದ್ದ ಉಕ್ಕು ಇದೇ ಬಗೆಯದು.

ಸ್ಮರಣೆ

ಶೆಫೀಲ್ಡ್‌ನಲ್ಲಿ ಹಳೆಯ ಬ್ರೌನ್-ಫರ್ತ್ ಸಂಶೋಧನಾಲಯವಿದ್ದ ಜಾಗದಲ್ಲಿ ಬ್ರಿಯರ್ಲಿಯವರ ಸ್ಮಾರಕವಿದೆ. ನಗರದ ಹೋವರ್ಡ್ ರಸ್ತೆಯ ಕಟ್ಟಡವೊಂದರ ಗೋಡೆಯ ಮೇಲೆ ಅವರ ಬೃಹತ್ ಚಿತ್ರವನ್ನು ಬಿಡಿಸಲಾಗಿದೆ. ಮೊದಲ ಸ್ಟೇನ್‌ಲೆಸ್ ಚಾಕುಗಳು ತಯಾರಾದ ಮೋಸ್ಲಿ ಸಂಸ್ಥೆಯ ಪೋರ್ಟ್‌ಲ್ಯಾಂಡ್ ವರ್ಕ್ಸ್ ಕಟ್ಟಡ ಇಂದಿಗೂ ನಿಂತಿದ್ದು, ಸಣ್ಣ ಕುಶಲಕರ್ಮಿಗಳ ಕಾರ್ಯಾಗಾರಗಳಿಗೆ ನೆಲೆಯಾಗಿದೆ. ಫ್ರೆಶ್‌ಗೇಟ್ ಟ್ರಸ್ಟ್ ಸ್ಥಾಪಕರ ನಿಧನಾನಂತರವೂ ತನ್ನ ಸೇವಾಕಾರ್ಯವನ್ನು ಮುಂದುವರಿಸಿದೆ.